ಹೆಜ್ಜೇನಿನ ಅಲೆಯನ್ನು ಮೊಬೈಲಿನಲ್ಲಿ ಅಳೆದದ್ದು: ನನ್ನ ಅನುಭವ

ಹೆಜ್ಜೇನಿನ ಹುಟ್ಟಿನ, ಅಂದರೆ ಗೂಡಿನ, ಮೇಲೆ ಹರಿಯುವ ಅಲೆಯ ವೇಗವನ್ನು ಸಾಧಾರಣ ಮೊಬೈಲಿನಿಂದ, ಹದಿನೈದು ಮೀಟರ್ ದೂರದಲ್ಲಿ ನಿಂತು, ಧೈರ್ಯವಾಗಿ ಹೇಳಿಕೊಳ್ಳುವಷ್ಟು ನಿಖರವಾಗಿ ಅಳೆಯಬಹುದು. ಮೊದಲು ಇದನ್ನು ಹೇಳಿದಾಗ ಜೊತೆಯ ಸಂಶೋಧಕರಲ್ಲಿ ಒಪ್ಪಿದವರು ಇಲ್ಲವೆಂದೇ ಹೇಳಬೇಕು. ಸೆಕೆಂಡಿಗೆ ಸಾವಿರ ಫ್ರೇಮ್ ಹಿಡಿಯುವ ಕ್ಯಾಮೆರಾ ಇಲ್ಲದೆ ಈ ಕೆಲಸಕ್ಕೆ ಕೈಹಾಕುವುದೇ ವ್ಯರ್ಥ ಎಂದರು. ಈಗ ಅದೇ ಜನ ನನ್ನ ನಕ್ಷೆಗಳನ್ನು ಕೇಳಿ ಪಡೆಯುತ್ತಿದ್ದಾರೆ. ಆದ್ದರಿಂದ ಮಾಡಿದ್ದನ್ನು ಮಾಡಿದ ಹಾಗೆ ಬರೆದಿಡುತ್ತಿದ್ದೇನೆ. ಕಣಜದಂಥ ವೈರಿ ಹತ್ತಿರ ಬಂದಾಗ ನೊಣಗಳು ಒಂದರ ಬೆನ್ನಿಗೊಂದು ಹೊಟ್ಟೆಯನ್ನು ಮೇಲಕ್ಕೆ ಚಿಮ್ಮಿಸಿ ಅಲೆ ಎಬ್ಬಿಸುವುದನ್ನು ಕಣ್ಣಾರೆ ನೋಡಿದವರಿಗಾಗಿಯೇ ಇದು, ಹಾಗಾಗಿ ಪೀಠಿಕೆ ಬೇಡ.

ಸಾವಿರ ಫ್ರೇಮ್ ಬೇಕು ಎಂಬ ಮಾತು ಎಲ್ಲಿಂದ ಬಂತೋ ತಿಳಿಯದು. ಲೆಕ್ಕ ಹಾಕಿದರೆ ಅದು ನಿಲ್ಲುವುದಿಲ್ಲ. ಅಲೆಯ ಮುಂಚೂಣಿ ಸೆಕೆಂಡಿಗೆ ಸುಮಾರು ನಲವತ್ತು ಸೆಂಟಿಮೀಟರ್ ಸಾಗುತ್ತದೆ ಎಂದುಕೊಳ್ಳಿ. ಕೆಲಸಗಾರ ನೊಣದ ಉದ್ದ ಹದಿನೇಳು ಹದಿನೆಂಟು ಮಿಲಿಮೀಟರ್. ಸೆಕೆಂಡಿಗೆ 30 ಫ್ರೇಮ್ ಇದ್ದರೆ ಅಲೆ ಒಂದು ಫ್ರೇಮಿನಲ್ಲಿ ಹೆಚ್ಚುಕಡಿಮೆ ಒಂದು ನೊಣವನ್ನೇ ದಾಟಿಬಿಡುತ್ತದೆ, ಅದು ಸಾಲದು. 120 ಫ್ರೇಮ್ ಇದ್ದರೆ ಒಂದು ನೊಣ ದಾಟಲು ಐದು ಫ್ರೇಮ್ ಸಿಗುತ್ತವೆ. ಅಷ್ಟು ಸಾಕು. ಸಾವಿರ ಫ್ರೇಮಿನಲ್ಲಿ ಸಿಗುವ ನಲವತ್ತಕ್ಕೂ ಹೆಚ್ಚು ಚಿತ್ರಗಳು ಗಣಕದ ಹೊಟ್ಟೆ ತುಂಬಿಸುತ್ತವೆಯೇ ಹೊರತು ಅಲೆಯ ಬಗ್ಗೆ ಹೊಸದೇನನ್ನೂ ಹೇಳುವುದಿಲ್ಲ. ಒಂದೇ ನೊಣದ ಹೊಟ್ಟೆಯ ಚಲನೆಯನ್ನು ಬಿಡಿಬಿಡಿಯಾಗಿ ನೋಡಬೇಕಾದವರ ವಿಷಯ ಬೇರೆ.

ಹಾಗೆಂದು ದುಬಾರಿ ಕ್ಯಾಮೆರಾವನ್ನು ಮುಟ್ಟದೆ ಮಾತಾಡುತ್ತಿಲ್ಲ. ದಿನದ ಬಾಡಿಗೆಗೆ ತಂದು ನೋಡಿದ್ದೇನೆ. ಗಾಳಿ ಬೀಸಿದ ದಿನವೂ ಬಾಡಿಗೆ, ಮೋಡ ಕವಿದ ದಿನವೂ ಬಾಡಿಗೆ. ಒಂದು ವಾರಕ್ಕೆ ಕೊಟ್ಟ ಹಣದಲ್ಲಿ ನಾನು ಈಗ ಬಳಸುವಂಥ ಮೊಬೈಲ್ ಎರಡು ಬರುತ್ತಿದ್ದವು. ಅದರ ನೆನಪಿನ ಭಂಡಾರ ಕೆಲವೇ ಸೆಕೆಂಡುಗಳಲ್ಲಿ ತುಂಬುತ್ತಿತ್ತು, ಒಳ್ಳೆಯ ಅಲೆ ಎದ್ದ ಹೊತ್ತಿಗೆ ಅದು ಹಿಂದಿನ ತುಣುಕನ್ನು ಉಳಿಸಿಕೊಳ್ಳುತ್ತ ಕೂತಿರುತ್ತಿತ್ತು. ಸಹಾಯಧನಕ್ಕೆ ಬರೆದ ಅರ್ಜಿಯೂ ತಿರಸ್ಕೃತವಾಯಿತು, ಉಪಕರಣ ಸಾಲದು ಎಂಬ ಷರಾದೊಂದಿಗೆ. ಹೀಗೆ ಸ್ವಂತ ಹಣದ ಕೆಲಸವಾಯಿತು. ಒಟ್ಟು ಖರ್ಚಿನ ಅರ್ಧದಷ್ಟು ಭಾರವಾದ ಟ್ರೈಪಾಡಿಗೂ ಹಕ್ಕಿ ನೋಡುವ ಎಂಟು ಪಟ್ಟಿನ ಬೈನಾಕ್ಯುಲರಿಗೂ ಹೋಯಿತು. ಅದರಲ್ಲಿ ಒಂದು ಪೈಸೆಯೂ ಹಾಳಾಗಿಲ್ಲ. ಬೈನಾಕ್ಯುಲರಿನ ಒಂದು ಕಣ್ಣಿಗೆ ಮೊಬೈಲನ್ನು ಬಿಗಿದರೆ ಒಂದು ಮೀಟರ್ ಅಗಲದ ಹುಟ್ಟು ಚೌಕಟ್ಟಿನೊಳಗೆ ಆರಾಮವಾಗಿ ಕೂರುತ್ತದೆ, ಒಂದೊಂದು ನೊಣಕ್ಕೂ ಹತ್ತು ಹನ್ನೆರಡು ಪಿಕ್ಸೆಲ್ ಸಿಗುತ್ತವೆ.

ಆಮೇಲೆ ಕಾಡಿದ್ದು ಮೊಬೈಲಿನ ಜಾಣತನ. ಕಪ್ಪು ವಸ್ತು ಚೌಕಟ್ಟಿನೊಳಗೆ ಬಂದ ಕೂಡಲೇ ಅದು ತಾನಾಗಿಯೇ ಬೆಳಕನ್ನು ಹೊಂದಿಸಿಕೊಳ್ಳುತ್ತದೆ. ಆಗ ಹುಟ್ಟಿಡೀ ಒಮ್ಮೆಲೇ ಬೆಳಗುತ್ತದೆ, ಬದಲಾವಣೆ ಹುಡುಕಲು ಒಂದು ಫ್ರೇಮಿನಿಂದ ಇನ್ನೊಂದನ್ನು ಕಳೆದಾಗ ಅದೇ ಒಂದು ದೊಡ್ಡ ಅಲೆಯಂತೆ ಕಾಣುತ್ತದೆ. ಬೆಳಕು, ಫೋಕಸ್, ಬಣ್ಣ ಮೂರನ್ನೂ ಬೀಗ ಹಾಕಿಯೇ ಚಿತ್ರೀಕರಿಸಬೇಕು. ಇದಕ್ಕಿಂತ ಕೆಟ್ಟದ್ದು ಕಾಲದ ಏರುಪೇರು. 120 ಎಂದು ತೋರಿಸಿದರೂ ಮೊಬೈಲ್ ಬಿಸಿಯಾದಾಗ ಫ್ರೇಮ್‌ಗಳು ಸದ್ದಿಲ್ಲದೆ ಬಿಟ್ಟುಹೋಗುತ್ತವೆ. ಫ್ರೇಮಿನ ಸಂಖ್ಯೆಯನ್ನೇ ಕಾಲವೆಂದು ನಂಬಿದರೆ ಬೆಳಗಿನ ಅಲೆಗಿಂತ ಮಧ್ಯಾಹ್ನದ ಅಲೆ ವೇಗವಾಗಿ ಕಾಣುತ್ತದೆ. ಅದನ್ನು ನೊಣಗಳ ಚುರುಕು ಎಂದು ಬರೆದುಬಿಡುವ ಅಪಾಯವಿದೆ. ಚೌಕಟ್ಟಿನ ಮೂಲೆಯಲ್ಲಿ ಗೊತ್ತಾದ ಲಯದಲ್ಲಿ ಮಿಟುಕುವ ಒಂದು ಎಲ್‌ಇಡಿ ಇಟ್ಟರೆ ಎಲ್ಲವೂ ಬಯಲಾಗುತ್ತದೆ. ಮೊಬೈಲಿನ ಸಂವೇದಕ (ಸೆನ್ಸರ್) ಚಿತ್ರವನ್ನು ಮೇಲಿನಿಂದ ಕೆಳಕ್ಕೆ ಸಾಲುಸಾಲಾಗಿ ಓದುವುದರಿಂದ ವೇಗ ತಪ್ಪುತ್ತದೆ ಎಂದು ಒಬ್ಬರು ಪಟ್ಟು ಹಿಡಿದರು. ಒಂದು ಫ್ರೇಮಿನ ಓದು ಎಂಟು ಮಿಲಿಸೆಕೆಂಡಿನೊಳಗೆ ಮುಗಿಯುತ್ತದೆ. ಮೀಟರ್ ಅಗಲದ ಹುಟ್ಟನ್ನು ದಾಟಲು ಅಲೆ ತೆಗೆದುಕೊಳ್ಳುವುದು ಎರಡು ಎರಡೂವರೆ ಸೆಕೆಂಡು. ಶೇಕಡಾ ಒಂದಕ್ಕೂ ಕಡಿಮೆಯ ವ್ಯತ್ಯಾಸಕ್ಕೆ ನಿದ್ದೆ ಕೆಡಿಸಿಕೊಳ್ಳಬೇಕಿಲ್ಲ.

ಅಳತೆಗೋಲಿನ ಪ್ರಶ್ನೆ ಎಲ್ಲಕ್ಕಿಂತ ಹೆಚ್ಚು ಕಾಲ ತಿಂದಿತು. ಕೆಳಗಿನಿಂದ ಓರೆಯಾಗಿ ನೋಡುವಾಗ ಹುಟ್ಟಿನ ಮೇಲ್ಭಾಗ ಕುಗ್ಗಿ ಕಾಣುತ್ತದೆ, ಹಾಗಿರುವಾಗ ಪಿಕ್ಸೆಲನ್ನು ಸೆಂಟಿಮೀಟರಿಗೆ ತಿರುಗಿಸುವುದು ಹೇಗೆ? ತುಂಬಿದ ಹೆಜ್ಜೇನಿನ ಹತ್ತಿರ ಟೇಪು ಹಿಡಿದು ಯಾರೂ ಹೋಗುವುದಿಲ್ಲ. ನೊಣದ ಉದ್ದವನ್ನೇ ಅಳತೆಯಾಗಿ ಬಳಸಿದೆ, ಆದರೆ ಅವು ಒಂದರ ಮೇಲೊಂದು ಹಂಚಿನಂತೆ ಮುಚ್ಚಿಕೊಂಡಿರುವುದರಿಂದ ಉತ್ತರ ಪ್ರತಿ ಸಲವೂ ಬೇರೆ. ಲೇಸರ್ ಚುಕ್ಕೆಗಳು ಬಿಸಿಲಿನಲ್ಲಿ ಕಾಣಲಿಲ್ಲ. ಕೊನೆಗೆ ಉತ್ತರ ಕೊಟ್ಟದ್ದು ಹೆಜ್ಜೇನಿನ ಸ್ವಭಾವವೇ. ಹಂಗಾಮು ಮುಗಿದ ಮೇಲೆ ಅವು ಖಾಲಿ ಎರಿಯನ್ನು ಬಿಟ್ಟು ವಲಸೆ ಹೋಗುತ್ತವೆ. ಟ್ರೈಪಾಡಿನ ಮೂರು ಕಾಲುಗಳ ಜಾಗವನ್ನು ನೆಲದ ಮೇಲೆ ಬಣ್ಣದಿಂದ ಗುರುತು ಮಾಡಿಟ್ಟಿದ್ದೆ. ನೊಣಗಳು ಹೋದ ಮೇಲೆ ಅದೇ ಗುರುತಿನ ಮೇಲೆ ನಿಲ್ಲಿಸಿ, ಎರಿಯ ಪಕ್ಕದಲ್ಲಿ ಗೊತ್ತಾದ ಅಳತೆಯ ಚದುರಂಗದ ಮನೆಗಳ ಹಲಗೆ ತೂಗುಹಾಕಿ ಚಿತ್ರ ತೆಗೆದೆ. ಎರಿಯನ್ನು ಮುಚ್ಚಿ ಕೂರುವ ನೊಣಗಳ ಪರದೆಯ ದಪ್ಪಕ್ಕೆ ತಕ್ಕಷ್ಟು ಹಲಗೆಯನ್ನು ಎರಿಯಿಂದ ಮುಂದಕ್ಕೆ ತರಬೇಕು, ಇದನ್ನು ಮರೆಯಬಾರದು. ತಿಂಗಳುಗಳ ಹಿಂದಿನ ದೃಶ್ಯಗಳಿಗೆಲ್ಲ ಒಂದೇ ದಿನದಲ್ಲಿ ಅಳತೆ ಸಿಕ್ಕಿತು. ಇಡೀ ಕೆಲಸದಲ್ಲಿ ನನಗೆ ಹೆಮ್ಮೆ ತಂದ ಘಟ್ಟ ಇದು.

ಈಗ ಅಲೆ ಎಬ್ಬಿಸುವ ವಿಷಯಕ್ಕೆ ಬರುತ್ತೇನೆ. ಕಣಜ ತಾನಾಗಿ ಬರಲಿ ಎಂದು ಕಾದರೆ ಹಂಗಾಮು ಕಳೆದುಹೋಗುತ್ತದೆ. ಡ್ರೋನ್ ಹಾರಿಸಲು ಸಲಹೆ ಕೊಟ್ಟವರಿದ್ದರು. ಅದರ ಗಾಳಿಗೇ ಪರದೆ ಕದಡುತ್ತದೆ, ಅಲೆಗೆ ಬದಲು ದಾಳಿ ಏಳುತ್ತದೆ. ದಯವಿಟ್ಟು ಯಾರೂ ಪ್ರಯತ್ನಿಸಬೇಡಿ. ಸತ್ತ ಕಣಜವನ್ನು ದಾರಕ್ಕೆ ಕಟ್ಟಿ ತೂಗಿದ್ದೂ ಉಂಟು. ಒಂದೆರಡು ಸಣ್ಣ ಅಲೆಗಳು ಬಂದವು, ಆದರೆ ಗಾಳಿಗೆ ಅದು ತನ್ನಷ್ಟಕ್ಕೆ ತಿರುಗುತ್ತಿದ್ದರಿಂದ ಯಾವ ಚಲನೆಗೆ ಯಾವ ಅಲೆ ಎಂದು ಹೇಳಲು ಬರಲಿಲ್ಲ. ದಾರಿ ತೋರಿಸಿದ್ದು ತಿರುವನಂತಪುರದ ಐಸರ್ (ಭಾರತೀಯ ವಿಜ್ಞಾನ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆ) ಸಂಶೋಧಕರು 2022ರಲ್ಲಿ ಪ್ರಕಟಿಸಿದ ಕೆಲಸ. ಬೆಳಕಿನ ಹಿನ್ನೆಲೆಯ ಎದುರು ಕಪ್ಪು ವಸ್ತು ಚಲಿಸಿದರೆ ಅಲೆ ಅತಿ ಬಲವಾಗಿ ಏಳುತ್ತದೆ, ಮಬ್ಬು ಬೆಳಕಿನಲ್ಲಿ ತೀರಾ ಕುಗ್ಗುತ್ತದೆ ಎಂದು ಅವರು ತೋರಿಸಿದ್ದಾರೆ. ಇಲ್ಲಿ ಹಿನ್ನೆಲೆ ಎಂದರೆ ನಮ್ಮ ಕ್ಯಾಮೆರಾಕ್ಕೆ ಕಾಣುವ ಹಿನ್ನೆಲೆಯಲ್ಲ, ನೊಣಗಳಿಗೆ ಕಾಣುವ ಹಿನ್ನೆಲೆ. ಹುಟ್ಟಿನ ಕಡೆಯಿಂದ ಹೊರಗೆ ನೋಡಿದರೆ ತೆರೆದ ಆಕಾಶ ಕಾಣಬೇಕು. ನಾನು ಆರಿಸಿಕೊಂಡ ಎರಡು ಹುಟ್ಟುಗಳ ಎದುರು ದಟ್ಟ ಮರಗಳಿದ್ದವು, ಅಲ್ಲಿ ದಾರಕ್ಕೆ ಕಟ್ಟಿ ಎಳೆದ ಕಪ್ಪು ಬಿಲ್ಲೆಗೆ ನೊಣಗಳು ಹೆಚ್ಚುಕಡಿಮೆ ಮಿಸುಕಲೇ ಇಲ್ಲ. ಎತ್ತರದ ನೀರಿನ ಟ್ಯಾಂಕಿನ ತೊಲೆಗೆ ಕಟ್ಟಿದ ಹುಟ್ಟಿಗೆ ಬದಲಾಯಿಸಿದ ಕೂಡಲೇ ಹತ್ತು ಸಲ ಎಳೆದರೆ ಏಳೆಂಟು ಸಲ ಅಲೆ.

ಬಿಲ್ಲೆ ಸಾದಾ ಕಪ್ಪು ರಟ್ಟಿನದು, ಅಂಗೈಗಿಂತ ಸ್ವಲ್ಪ ದೊಡ್ಡದು. ಎರಡು ಕಂಬಗಳ ನಡುವೆ ಗಾಳದ ನೈಲಾನ್ ದಾರ, ತುದಿಗಳಲ್ಲಿ ರಾಟೆ, ದೂರದಲ್ಲಿ ಕುಳಿತು ಎಳೆಯುವುದು. ಕೈಯಿಂದ ಎಳೆದರೆ ವೇಗ ಒಂದೇ ಸಮ ಇರುವುದಿಲ್ಲ. ಹಳೆಯ ಕಾರಿನ ವೈಪರ್ ಮೋಟಾರು ಹಾಕಿದ ಮೇಲೆ ಆ ತಲೆನೋವು ಹೋಯಿತು, ಖರ್ಚೂ ಜುಜುಬಿ. ಕಂಬಗಳನ್ನು ಹೆಜ್ಜೇನು ಬರುವ ಮೊದಲೇ ನಿಲ್ಲಿಸಬೇಕು. ಅವು ವರ್ಷವರ್ಷ ಅದೇ ಜಾಗಗಳಿಗೆ ಮರಳುವುದರಿಂದ ಈ ಜೂಜು ಬಹುಮಟ್ಟಿಗೆ ಗೆಲ್ಲುತ್ತದೆ. ಬಿಲ್ಲೆ ಗಾಳಿಗೆ ಹೊರಳದಂತೆ ದಾರಕ್ಕೆ ಹೇಗೆ ಕಟ್ಟುತ್ತೇನೆ ಎಂಬುದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಅದಕ್ಕೆ ಪಟ್ಟ ಪಾಡು ದೊಡ್ಡದು.

ಹೊತ್ತಿನ ಆಯ್ಕೆಯೂ ಮುಖ್ಯ. ದಿನದಲ್ಲಿ ಕೆಲವು ಸಲ ಹುಟ್ಟಿನ ನೊಣಗಳು ಗುಂಪಾಗಿ ಎದ್ದು ಕೆಲವು ನಿಮಿಷ ಹಾರಾಡಿ ಮರಳುತ್ತವೆ. ಆ ಹೊತ್ತಿನಲ್ಲಿ ಅಲೆಯ ಮಾತೇ ಇಲ್ಲ, ಬೈನಾಕ್ಯುಲರಿನ ಗಾಜಿನ ಮೇಲೆ ಹಳದಿ ಹನಿಗಳು ಬೀಳುತ್ತವೆ, ಅಷ್ಟೆ. ಈ ಹಳದಿ ಹನಿಗಳಿಗೆ ಒಂದು ಇತಿಹಾಸವಿದೆ. 1981ರಲ್ಲಿ ಅಮೆರಿಕ, ಆಗ್ನೇಯ ಏಷ್ಯಾದಲ್ಲಿ ಸೋವಿಯತ್ ಬೆಂಬಲದಿಂದ ವಿಷದ ‘ಹಳದಿ ಮಳೆ’ ಸುರಿಸಲಾಗುತ್ತಿದೆ ಎಂದು ಆರೋಪಿಸಿತು. ವಿಜ್ಞಾನಿಗಳಾದ ಮ್ಯಾಥ್ಯೂ ಮೆಸೆಲ್ಸನ್, ಥಾಮಸ್ ಸೀಲಿ ಮೊದಲಾದವರು ಆ ಹಳದಿ ಕಲೆಗಳು ಪರಾಗ ತುಂಬಿದ ಜೇನುನೊಣಗಳ ಹಿಕ್ಕೆ ಎಂದು ತೋರಿಸಿದರು. ಗಾಜು ಒರೆಸುವಾಗಲೆಲ್ಲ ನನಗೆ ಆ ಇಬ್ಬರ ಮೇಲೆ ಗೌರವ ಹೆಚ್ಚುತ್ತದೆ. ಮೇಲೆ ಕತ್ತೆತ್ತಿ ತಾಳ್ಮೆಯಿಂದ ನೋಡಿದವರು ಅವರು.

ದೃಶ್ಯ ಕೈಗೆ ಬಂದ ಮೇಲೆ ಲೆಕ್ಕ. ಎಲ್ಲರೂ ಆಪ್ಟಿಕಲ್ ಫ್ಲೋ, ಅಂದರೆ ಚಿತ್ರದ ಚುಕ್ಕೆಗಳು ಯಾವ ಕಡೆಗೆ ಸರಿದವು ಎಂದು ಲೆಕ್ಕ ಹಾಕುವ ವಿಧಾನದ ಕಡೆಗೆ ಓಡುತ್ತಾರೆ. ಇಲ್ಲಿ ಅದು ಕೆಲಸ ಮಾಡುವುದಿಲ್ಲ. ನೊಣ ಎಲ್ಲಿಗೂ ಸರಿಯುವುದಿಲ್ಲ, ಇದ್ದಲ್ಲೇ ಹೊಟ್ಟೆ ಎತ್ತಿ ಇಳಿಸುತ್ತದೆ. ಹೊಳಪು ಬದಲಾಗುತ್ತದೆ, ಜಾಗ ಬದಲಾಗುವುದಿಲ್ಲ. ತಂತ್ರಾಂಶ ತೋರಿಸಿದ ಬಾಣಗಳು ಹೊಟ್ಟೆ ಎತ್ತಿದ ದಿಕ್ಕನ್ನು ಹೇಳುತ್ತಿದ್ದವು, ಅಲೆ ಹೋದ ದಿಕ್ಕನ್ನಲ್ಲ. ಕೊನೆಗೆ ಚಿತ್ರವನ್ನು ನೊಣದ ಗಾತ್ರದ ಮನೆಗಳಾಗಿ ಒಡೆದು, ಪ್ರತಿ ಮನೆಯಲ್ಲೂ ಹೊಳಪಿನ ಬದಲಾವಣೆ ತುತ್ತತುದಿ ಮುಟ್ಟಿದ ಕ್ಷಣವನ್ನಷ್ಟೇ ದಾಖಲಿಸಿದೆ. ಒಂದೇ ಕ್ಷಣದ ಮನೆಗಳನ್ನು ಗೆರೆಯಿಂದ ಸೇರಿಸಿದರೆ ಭೂಪಟದ ಎತ್ತರದ ಗೆರೆಗಳಂಥ ನಕ್ಷೆ ಬರುತ್ತದೆ. ಗೆರೆಗಳ ನಡುವಿನ ಅಂತರವೇ ವೇಗ. ಪೈಥಾನ್ ಭಾಷೆ ಮತ್ತು ಚಿತ್ರ ವಿಶ್ಲೇಷಣೆಯ ಓಪನ್‌ಸಿವಿ ತಂತ್ರಾಂಶ ಸಾಕು, ಇದಕ್ಕೆ ಕಾಸು ಖರ್ಚಿಲ್ಲ. ತುತ್ತತುದಿ ಯಾವುದು, ಗದ್ದಲ (ಕ್ಯಾಮೆರಾದ ಅರ್ಥವಿಲ್ಲದ ಏರಿಳಿತ) ಯಾವುದು ಎಂದು ಬೇರ್ಪಡಿಸುವ ಮಿತಿಯನ್ನು ಹುಟ್ಟಿನಿಂದ ಹುಟ್ಟಿಗೆ ಬದಲಿಸಬೇಕು. ನನ್ನ ಸೂತ್ರವನ್ನು ಪ್ರಬಂಧದ ಜೊತೆಗೇ ಪ್ರಕಟಿಸುತ್ತೇನೆ.

ನಕ್ಷೆ ಬಂದಾಗ ಮುಂಚೂಣಿಯ ಗೆರೆಗಿಂತ ಮುಂದೆ, ನಡುವೆ ಜಾಗ ಬಿಟ್ಟು, ದ್ವೀಪಗಳು ಕಂಡವು. ಅಲೆ ಇನ್ನೂ ತಲುಪದ ಕಡೆ ಕೆಲವು ನೊಣಗಳ ಗುಂಪು ಆಗಲೇ ಹೊಟ್ಟೆ ಎತ್ತಿತ್ತು. ಇದು ಅಗ್ಗದ ಕ್ಯಾಮೆರಾದ ಗದ್ದಲ, ಅಳಿಸಿಬಿಡು ಎಂದರು. ಇನ್ನೊಂದು ಮೊಬೈಲನ್ನು ಸಾಲ ತಂದು, ಪಕ್ಕದಲ್ಲೇ ಬೇರೆ ಬೈನಾಕ್ಯುಲರಿಗೆ ಕಟ್ಟಿ ಒಟ್ಟಿಗೆ ಚಿತ್ರೀಕರಿಸಿದೆ. ಎರಡರಲ್ಲೂ ದ್ವೀಪಗಳು ಅದೇ ಜಾಗದಲ್ಲಿ, ಅದೇ ಕ್ಷಣದಲ್ಲಿ. ಗದ್ದಲಕ್ಕೆ ಎರಡು ಕ್ಯಾಮೆರಾಗಳಲ್ಲಿ ಒಂದೇ ರೂಪ ಇರಲಾರದು. ಆಸ್ಟ್ರಿಯಾದ ಗ್ರಾಜ್ ವಿಶ್ವವಿದ್ಯಾಲಯದ ಗೆರಾಲ್ಡ್ ಕಾಸ್ಟ್‌ಬರ್ಗರ್ ತಂಡ 2012ರಲ್ಲಿ ಈ ಜಿಗಿತಗಳನ್ನು ಪಕ್ಕದಿಂದ ಪಕ್ಕಕ್ಕೆ ದಾಟುವ ಅಲೆಯಿಂದ ಬೇರೆಯಾಗಿಯೇ ವಿವರಿಸಿದೆ. ಅದನ್ನು ಇಷ್ಟು ಕಡಿಮೆ ಸಲಕರಣೆಯಿಂದ ನನ್ನ ಕಣ್ಣೆದುರೇ ಕಂಡೆ ಎಂಬುದು ನನಗೆ ಸಣ್ಣ ಮಾತಲ್ಲ. ನಡುವಿನ ನೊಣಗಳನ್ನು ಬಿಟ್ಟು ಜಿಗಿದ ಅಲೆಯನ್ನು ಮೈಗೆ ಮೈ ತಾಗುವುದರಿಂದಷ್ಟೇ ವಿವರಿಸಲು ಬರುವುದಿಲ್ಲ. ಆ ನೊಣಗಳು ಏನನ್ನೋ ನೋಡಿವೆ. ಜಿಗಿತ ಇಲ್ಲದ ಕಡೆ ವೇಗ ಮೂವತ್ತು ಸೆಂಟಿಮೀಟರಿನ ಸುತ್ತಮುತ್ತ, ಜಿಗಿತಗಳನ್ನು ಸೇರಿಸಿದರೆ ಐವತ್ತರ ಹತ್ತಿರ. ಅರ್ಧಕ್ಕಿಂತ ಹೆಚ್ಚು ಅಲೆಗಳು ಹುಟ್ಟಿದ್ದು ಕೆಲವೇ ನೆಲೆಗಳಿಂದ. ಅಲೆಗೆ ಚಾಲನೆ ಕೊಡುವ ವಿಶೇಷ ನೊಣಗಳ ಬಗ್ಗೆ ಅದೇ ತಂಡ 2009ರಲ್ಲಿ ಬರೆದದ್ದಕ್ಕೆ ಇದು ಸರಿಹೊಂದುತ್ತದೆ. ಕೆಳಭಾಗದಲ್ಲಿ, ಮೇವಿಗೆ ಹೋಗಿಬರುವ ನೊಣಗಳು ಇಳಿದು ಕುಣಿಯುವ ‘ಬಾಯಿ’ಯ ಸುತ್ತ, ಅಲೆ ಸೊರಗುತ್ತದೆ. ಆ ಭಾಗವನ್ನು ಸರಾಸರಿಗೆ ಸೇರಿಸಬೇಡಿ.

ನಡುವೆ ಅಡ್ಡದಾರಿಗಳನ್ನೂ ಹಿಡಿದೆ. ಬಿಳಿ ಬಿಲ್ಲೆಯನ್ನು ಎಳೆದರೆ ಎಲ್ಲೋ ಒಮ್ಮೆ ಸಣ್ಣ ನಡುಕ. ಹೆಜ್ಜೇನು ಬೆಳದಿಂಗಳಲ್ಲೂ ಮೇವಿಗೆ ಹೋಗುತ್ತದೆಯಲ್ಲ, ಹಾಗಾದರೆ ಬೆಳದಿಂಗಳಲ್ಲಿ ಬಿಲ್ಲೆಗೆ ಏನು ಮಾಡುತ್ತದೆ ಎಂದು ಹುಣ್ಣಿಮೆಯ ಆಸುಪಾಸು ಅವಗೆಂಪು (ಇನ್‌ಫ್ರಾರೆಡ್) ದೀಪ ಇಟ್ಟು ನೋಡಿದೆ: ಅಳೆಯುವಂಥ ಅಲೆ ಒಂದೂ ಬರಲಿಲ್ಲ. ಒಂದೇ ತೊಲೆಗೆ ಅಕ್ಕಪಕ್ಕ ಕಟ್ಟಿದ ಎರಡು ಹುಟ್ಟುಗಳಲ್ಲಿ ಒಂದರ ಅಲೆಗೆ ಇನ್ನೊಂದು ಓಗೊಡುತ್ತದೆಯೇ ಎಂಬ ಆಸೆ ಬಹಳ ಇತ್ತು. ಬಿಲ್ಲೆ ಎರಡಕ್ಕೂ ಕಾಣುವ ಸಾಧ್ಯತೆಯನ್ನು ತೆಗೆದುಹಾಕಲು ನಡುವೆ ಬಟ್ಟೆಯ ಪರದೆ ಇಳಿಬಿಟ್ಟೆ. ಪರದೆ ಬಂದ ಮೇಲೆ ಪಕ್ಕದ ಹುಟ್ಟು ಸುಮ್ಮನಾಯಿತು, ಅಂದರೆ ಅದು ನೋಡುತ್ತಿದ್ದದ್ದು ಬಿಲ್ಲೆಯನ್ನೋ, ನೆರೆಯವರ ಅಲೆಯನ್ನೋ ಎಂಬುದು ಇನ್ನೂ ಬೇರ್ಪಡಬೇಕು. ಮುಂದಿನ ಹಂಗಾಮಿಗೆ ಪರದೆಯನ್ನು ಬಿಲ್ಲೆಯ ಕಡೆ ಮಾತ್ರ ಮುಚ್ಚುವಂತೆ ಕತ್ತರಿಸಿ ಇಟ್ಟಿದ್ದೇನೆ, ಎರಡನೆಯ ಮೋಟಾರೂ ಸಿದ್ಧವಾಗಿದೆ.

ಈ ಕೆಲಸ ಮಾಡಹೊರಟವರು ಕೆಳಗೆ ಜನ ಓಡಾಡುವ ಜಾಗದ ಹುಟ್ಟನ್ನು ಆರಿಸಬೇಡಿ. ಅಲೆ ನಿಂತು ನೊಣಗಳು ಹುಟ್ಟಿನಿಂದ ಎದ್ದು ಬರತೊಡಗಿದರೆ ಬಿಲ್ಲೆಯನ್ನು ಅಲ್ಲೇ ಬಿಟ್ಟು ಅಂದಿನ ಕೆಲಸ ಮುಗಿಸಿ. ಮೊಬೈಲಿನಿಂದ ಗಣಕಕ್ಕೆ ಸಾಗಿಸುವಾಗ ದೃಶ್ಯವನ್ನು ಕುಗ್ಗಿಸುವ ಯಾವ ಆ್ಯಪ್ ಮೂಲಕವೂ ಕಳುಹಿಸಬೇಡಿ, ಫ್ರೇಮ್‌ಗಳ ಕಾಲದ ಗುರುತು ಅಲ್ಲೇ ಅಳಿಸಿಹೋಗುತ್ತದೆ. ತಂತಿ ಹಾಕಿ ಮೂಲ ಕಡತವನ್ನೇ ನಕಲು ಮಾಡಿಕೊಳ್ಳಿ, ಎರಡು ಕಡೆ.