ಅಮೆರಿಕದ ಆಸ್ಪತ್ರೆಗಳಲ್ಲಿ ಒಬ್ಬರಿಗೇ ಎರಡು ಕಡತ

ವಿಮೆ ಹೇಗೆ ಆರಿಸಿಕೊಳ್ಳಬೇಕು, ಕೋಪೇ ಎಂದರೇನು, ಆಂಬುಲೆನ್ಸ್ ಕರೆದರೆ ಬಿಲ್ ಎಷ್ಟು ಬರುತ್ತದೆ ಎಂಬುದನ್ನೆಲ್ಲ ಅಮೆರಿಕಕ್ಕೆ ಬಂದಿಳಿದ ಮೊದಲ ವಾರದಲ್ಲೇ ಸ್ನೇಹಿತರು ಹೇಳಿಕೊಟ್ಟಿರುತ್ತಾರೆ. ಆಸ್ಪತ್ರೆಯ ಕಂಪ್ಯೂಟರಿನಲ್ಲಿ ನಿಮ್ಮ ಹೆಸರು ಹೇಗೆ ದಾಖಲಾಗುತ್ತದೆ ಎಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ. ಇಲ್ಲಿನ ಆಸ್ಪತ್ರೆಯೊಂದರ ವೈದ್ಯಕೀಯ ದಾಖಲೆ ವಿಭಾಗದಲ್ಲಿ ನಾನು ಕೆಲಸ ಮಾಡುತ್ತೇನೆ. ಬಂದ ಹೊಸದರಲ್ಲಿ ನಮ್ಮ ಮನೆಯವರು ಪಟ್ಟ ಪಾಡನ್ನೇ ಹೊಸಬರೂ ಪಡುವುದನ್ನು ನೋಡಿ ಸಾಕಾಗಿ ಇದನ್ನು ಬರೆಯುತ್ತಿದ್ದೇನೆ.

ಅಮೆರಿಕದಲ್ಲಿ ರೋಗಿಗೆ ದೇಶಕ್ಕೆಲ್ಲ ಒಂದೇ ಆದ ಗುರುತಿನ ಸಂಖ್ಯೆ ಇಲ್ಲ. ಆರೋಗ್ಯ ಮಾಹಿತಿಯನ್ನು ಕಾಯುವ ಹಿಪಾ ಕಾಯ್ದೆ 1996ರಲ್ಲಿ ಬಂದಾಗ ಅಂಥ ಸಂಖ್ಯೆಯೊಂದನ್ನು ರೂಪಿಸಬೇಕೆಂದು ಅದರಲ್ಲೇ ಬರೆದಿತ್ತು. ಆದರೆ ಸರ್ಕಾರ ಪ್ರಜೆಗಳ ಬೆನ್ನು ಹತ್ತುತ್ತದೆ ಎಂಬ ಭಯದಿಂದ 1998ರಲ್ಲಿ ಸಂಸತ್ತು ಅದಕ್ಕೆ ಹಣ ಬಳಸದಂತೆ ತಡೆಯಿತು. ಹಾಗಾಗಿ ಪ್ರತಿ ಆಸ್ಪತ್ರೆಯೂ ತನ್ನದೇ ಸಂಖ್ಯೆ ಕೊಡುತ್ತದೆ. ನೀವು ಎರಡನೆಯ ಸಲ ಹೋದಾಗ ಹೆಸರು, ಹುಟ್ಟಿದ ದಿನಾಂಕ, ಲಿಂಗ, ವಿಳಾಸ, ಫೋನ್ ಸಂಖ್ಯೆಗಳನ್ನು ಹೊಂದಿಸಿ ನೋಡಿಯೇ ಹಳೆಯ ಕಡತವನ್ನು ಹುಡುಕುತ್ತಾರೆ. ಹೊಂದದಿದ್ದರೆ ಹೊಸ ಕಡತ ತೆರೆಯುತ್ತಾರೆ.

ನಮ್ಮ ಹೆಸರುಗಳು ಎಡವುವುದು ಇಲ್ಲಿಯೇ. ಕಡೂರು ಶಿವಣ್ಣ ಮಂಜುನಾಥ ಎಂಬ ಒಂದು ಹೆಸರನ್ನು ತೆಗೆದುಕೊಳ್ಳಿ. ಊರಿನಲ್ಲಿ ಅವರು ಕೆ. ಎಸ್. ಮಂಜುನಾಥ. ಪಾಸ್‌ಪೋರ್ಟಿನಲ್ಲಿ ಮೂರು ಪದಗಳೂ ಕೊಟ್ಟ ಹೆಸರಿನ ಜಾಗದಲ್ಲಿದ್ದು ಮನೆತನದ ಹೆಸರಿನ ಜಾಗ ಖಾಲಿ ಇದ್ದರೆ, ವೀಸಾದಲ್ಲಿ ಆ ಮೂರೂ ಮನೆತನದ ಹೆಸರಾಗಿ, ಮೊದಲ ಹೆಸರಿನ ಜಾಗದಲ್ಲಿ ಎಫ್ಎನ್‌ಯು (ಫಸ್ಟ್ ನೇಮ್ ಅನ್‌ನೋನ್, ಅಂದರೆ ಮೊದಲ ಹೆಸರು ಗೊತ್ತಿಲ್ಲ) ಎಂದು ಬರುತ್ತದೆ. ಕಂಪನಿಯವರು ವಿಮೆಗೆ ಕಳಿಸುವಾಗ ಮಂಜುನಾಥ ಕಡೂರು ಎಂದು ಬರೆಯುತ್ತಾರೆ. ಆಸ್ಪತ್ರೆಯ ಕೌಂಟರಿನಲ್ಲಿ ಕೇಳಿದಾಗ ಅವರೇ ಮಂಜುನಾಥ ಶಿವಣ್ಣ ಎನ್ನುತ್ತಾರೆ. ಹೀಗೆ ಒಬ್ಬ ಮನುಷ್ಯನಿಗೆ ಮೂರು ಕಡತ.

ದಿನಾಂಕದ ಗೊಂದಲ ಇದಕ್ಕೆ ಜೊತೆ. ಜೂನ್ 5ನ್ನು ನಾವು 05/06 ಎಂದು ಬರೆಯುತ್ತೇವೆ, ಇಲ್ಲಿನವರು ಅದನ್ನು ಮೇ 6 ಎಂದು ಓದುತ್ತಾರೆ. ಮಕ್ಕಳನ್ನು ನೋಡಲು ಬಂದ ತಂದೆತಾಯಿಯರದು ಇನ್ನೂ ಕಷ್ಟ. ಹುಟ್ಟಿದ ದಿನ ಕೇಳಿದರೆ ಅಮ್ಮ ಜಾತಕದಲ್ಲಿರುವುದನ್ನು ಹೇಳುತ್ತಾರೆ, ಪಾಸ್‌ಪೋರ್ಟಿನಲ್ಲಿರುವುದು ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದುಕೊಂಡ ದಿನ. ಆಕೆಯ ಪ್ರವಾಸ ವಿಮೆಯೂ ಪಾಸ್‌ಪೋರ್ಟಿನಂತೆಯೇ ಇರುತ್ತದೆ. ಆಸ್ಪತ್ರೆ ಕಳಿಸಿದ ಕ್ಲೇಮ್ ವಾಪಸ್ಸಾಗಿ, ಪೂರ್ತಿ ಬಿಲ್ ಮಗನ ಮನೆಗೆ ಬಂದ ಪ್ರಸಂಗ ನನಗೆ ಗೊತ್ತು.

ಇದು ಬರೀ ಕಾಗದಪತ್ರದ ತಾಪತ್ರಯವಲ್ಲ. ಪರಿಚಯದ ಹೆಣ್ಣುಮಗಳೊಬ್ಬಳಿಗೆ ಪೆನಿಸಿಲಿನ್ ಆಗುವುದಿಲ್ಲ. ಆ ಮಾತು ಆಕೆಯ ತವರಿನ ಹೆಸರಿನ ಕಡತದಲ್ಲಿತ್ತು. ಮದುವೆಯಾದ ಮೇಲೆ ಗಂಡನ ಹೆಸರಿನೊಂದಿಗೆ ಅದೇ ಆಸ್ಪತ್ರೆಯ ಇನ್ನೊಂದು ಶಾಖೆಗೆ ಗಂಟಲುನೋವೆಂದು ಹೋದಾಗ ಹೊಸ ಕಡತ ತೆರೆದರು, ಪೆನಿಸಿಲಿನ್ ಗುಂಪಿನದೇ ಆದ ಅಮಾಕ್ಸಿಸಿಲಿನ್ ಬರೆದುಕೊಟ್ಟರು. ಔಷಧದಂಗಡಿಯವರ ಬಳಿ ಅಲರ್ಜಿಯ ವಿವರ ಇದ್ದುದರಿಂದ ಅವರು ತಡೆದರು. ಇನ್ನೊಬ್ಬರು ಬೆನ್ನುನೋವಿಗೆ ಮಾಡಿಸಿದ್ದ ಎಂಆರ್‌ಐ ವರದಿ ಸಿಗಲಿಲ್ಲವೆಂದು ಮತ್ತೊಮ್ಮೆ ಸ್ಕ್ಯಾನ್ ಮಾಡಿಸಿ, ಮತ್ತೊಮ್ಮೆ ಕೈಯಿಂದ ಹಣ ತೆತ್ತರು. ಹಳೆಯ ವರದಿ ಅದೇ ಕಟ್ಟಡದಲ್ಲಿ, ಬೇರೆ ಹೆಸರಿನಡಿ ಇತ್ತು.

ಮಗು ಹುಟ್ಟುವವರು ಇದನ್ನು ವಿಶೇಷವಾಗಿ ಗಮನಿಸಿ. ಹೆರಿಗೆಯಾದ ಕೂಡಲೇ ಎಷ್ಟೋ ಆಸ್ಪತ್ರೆಗಳು ಮಗುವಿಗೆ 'ಬೇಬಿ ಗರ್ಲ್' ಅಥವಾ 'ಬೇಬಿ ಬಾಯ್' ಎಂದು ಬರೆದು, ಮುಂದೆ ತಾಯಿಯ ಮನೆತನದ ಹೆಸರು ಸೇರಿಸುತ್ತವೆ. ಹುಟ್ಟಿದ ದಿನವೇ ಹೆಪಟೈಟಿಸ್ ಬಿ ಲಸಿಕೆ ಹಾಕಿಸಿದರೆ ಅದು ಆ ತಾತ್ಕಾಲಿಕ ಹೆಸರಿನಲ್ಲೇ ರಾಜ್ಯದ ಲಸಿಕಾ ದಾಖಲೆಗೆ ಹೋಗಬಹುದು. ನಾಮಕರಣವಾಗಿ, ಜನನ ಪ್ರಮಾಣಪತ್ರ ಬಂದು, ಮಗು ಶಾಲೆಗೆ ಸೇರುವ ಹೊತ್ತಿಗೆ ಆ ಮೊದಲ ಲಸಿಕೆಯ ದಾಖಲೆ ಹುಡುಕಿದರೂ ಸಿಗದೇ ಹೋಗಬಹುದು. ಮಕ್ಕಳ ವೈದ್ಯರ ಮೊದಲ ಭೇಟಿಯಲ್ಲೇ ರಾಜ್ಯದ ದಾಖಲೆಯ ಪ್ರತಿ ತೆಗೆಸಿ ನೋಡಿ.

ಹಾಗಾದರೆ ಮಾಡಬೇಕಾದದ್ದೇನು? ವಿಮಾ ಕಾರ್ಡಿನಲ್ಲಿರುವ ಹೆಸರನ್ನೇ, ಅದೇ ಕಾಗುಣಿತದಲ್ಲಿ, ಎಲ್ಲೆಡೆ ಹೇಳಿ. ಕಾರ್ಡಿನಲ್ಲೇ ತಪ್ಪಿದ್ದರೆ ಮೊದಲು ಕಂಪನಿಯ ಮಾನವ ಸಂಪನ್ಮೂಲ ವಿಭಾಗಕ್ಕೆ ಹೇಳಿ ಅದನ್ನು ತಿದ್ದಿಸಿ. ಕೌಂಟರಿನವರು ಹೆಸರು ಓದಿ "ಸರಿಯೇ?" ಎಂದಾಗ ಸುಮ್ಮನೆ ತಲೆಯಾಡಿಸಬೇಡಿ, ಪರದೆಯನ್ನು ತೋರಿಸಲು ಕೇಳಿ. ತಿಂಗಳ ಹೆಸರನ್ನು ಅಂಕಿಯಲ್ಲಿ ಹೇಳದೆ ಪದದಲ್ಲಿ ಹೇಳಿ. ಪೋರ್ಟಲ್‌ನಲ್ಲಿ (ನಿಮ್ಮ ದಾಖಲೆಗಳನ್ನು ನೀವೇ ನೋಡಬಹುದಾದ ಆಸ್ಪತ್ರೆಯ ಜಾಲತಾಣದಲ್ಲಿ) ಹಳೆಯ ಪರೀಕ್ಷೆಗಳು ಕಾಣಿಸದಿದ್ದರೆ ಎರಡು ಕಡತಗಳಿವೆಯೆಂದು ಅನುಮಾನಿಸಿ. ಅವನ್ನು ಒಂದುಗೂಡಿಸುವ ಅಧಿಕಾರ ಸಾಮಾನ್ಯವಾಗಿ ಕೌಂಟರಿನವರಿಗೆ ಇರುವುದಿಲ್ಲ. ಮೆಡಿಕಲ್ ರೆಕಾರ್ಡ್ಸ್ ವಿಭಾಗಕ್ಕೆ ಬರವಣಿಗೆಯಲ್ಲಿ ಕೇಳಿ, 'ಡೂಪ್ಲಿಕೇಟ್ ಚಾರ್ಟ್' ಎಂಬ ಮಾತನ್ನೇ ಬಳಸಿ.

ಇನ್ನೊಬ್ಬರ ರೋಗ ನಿಮ್ಮ ಕಡತಕ್ಕೆ ಸೇರಿಕೊಂಡಿದ್ದರೆ ಅದು ಹೆಚ್ಚು ಅಪಾಯಕಾರಿ. ಕೂಡಲೇ ತಿದ್ದುಪಡಿಯ ಅರ್ಜಿ ಕೊಡಿ. ಹಿಪಾ ಪ್ರಕಾರ 60 ದಿನಗಳೊಳಗೆ ಉತ್ತರಿಸಬೇಕು, ಕಾರಣ ಬರೆದು ಕೊಟ್ಟು ಒಮ್ಮೆ 30 ದಿನ ಹೆಚ್ಚಿಗೆ ತೆಗೆದುಕೊಳ್ಳಬಹುದು. ನಿರಾಕರಿಸಿದರೆ ನಿಮ್ಮ ಆಕ್ಷೇಪಣೆಯನ್ನು ಆ ದಾಖಲೆಗೆ ಲಗತ್ತಿಸಲು ಕೇಳುವ ಹಕ್ಕು ನಿಮಗಿದೆ.

ಭಾರತದ್ದೇ ವಾಸಿಯೇ ಎಂದು ಹಲವರು ಕೇಳುತ್ತಾರೆ. ಅಲ್ಲಿ ಆಭಾ ಎಂಬ 14 ಅಂಕಿಯ ಆರೋಗ್ಯ ಸಂಖ್ಯೆ ಬಂದಿದೆ, ಕಡತವಂತೂ ಮೊದಲಿನಿಂದಲೂ ಪ್ಲಾಸ್ಟಿಕ್ ಚೀಲದಲ್ಲಿ ರೋಗಿಯ ಕೈಯಲ್ಲೇ ಇರುತ್ತದೆ. ಈ ಒಂದು ವಿಷಯದಲ್ಲಿ ನಾನು ಭಾರತದ ದಾರಿಯನ್ನೇ ಮೆಚ್ಚುತ್ತೇನೆ. ಸಂಖ್ಯೆ ಇಲ್ಲದಿರುವುದರಿಂದ ಅಮೆರಿಕನ್ನರ ಗುಟ್ಟು ಉಳಿದಿದೆಯೇ ಎಂದರೆ ಅದೂ ಇಲ್ಲ. 2024ರ ಫೆಬ್ರುವರಿಯಲ್ಲಿ ಬಿಲ್ಲಿಂಗ್ ಮಧ್ಯವರ್ತಿ ಸಂಸ್ಥೆಯಾದ ಚೇಂಜ್ ಹೆಲ್ತ್‌ಕೇರ್ ಮೇಲೆ ನಡೆದ ಸೈಬರ್ ದಾಳಿಯಲ್ಲಿ ಸುಮಾರು 19 ಕೋಟಿ ಜನರ ಮಾಹಿತಿ ಸೋರಿತು. ಆದರೆ ಕಾಯ್ದೆ ಕೊಡುವ ಹಕ್ಕನ್ನು ಹಿಡಿದು ಜಗ್ಗಿದರೆ ಅಮೆರಿಕದಲ್ಲಿ ಕೆಲಸವಾಗುತ್ತದೆ. ದಾಖಲೆಯ ಪ್ರತಿ ಕೊಡದೆ ಸತಾಯಿಸಿದವರ ವಿರುದ್ಧ ಕೇಂದ್ರ ಆರೋಗ್ಯ ಇಲಾಖೆಯ ನಾಗರಿಕ ಹಕ್ಕುಗಳ ಕಚೇರಿ 2019ರಿಂದ ಐವತ್ತಕ್ಕೂ ಹೆಚ್ಚು ಪ್ರಕರಣಗಳಲ್ಲಿ ಕ್ರಮ ಕೈಗೊಂಡಿದೆ. ಭಾರತದಲ್ಲಿ 72 ಗಂಟೆಯೊಳಗೆ ದಾಖಲೆ ಕೊಡಬೇಕೆಂಬ ನಿಯಮ 2002ರಿಂದಲೇ ಇದ್ದರೂ ಅದನ್ನು ಕೇಳಿ ಪಡೆದವರು ನನಗೆ ಸಿಕ್ಕಿಲ್ಲ.

ಪ್ರತಿ ಕೇಳುವಾಗ ಫಾರಂ ನೋಡಿಕೊಳ್ಳಿ. ನಿಮಗಾಗಿ ಕೇಳಿದರೆ ಆಸ್ಪತ್ರೆ 30 ದಿನಗಳೊಳಗೆ ಕೊಡಬೇಕು, ಒಮ್ಮೆ ಮಾತ್ರ 30 ದಿನ ಮುಂದೂಡಬಹುದು. ಪ್ರತಿ ಮಾಡುವ ಖರ್ಚನ್ನಷ್ಟೇ ಕೇಳಬಹುದು, ಹುಡುಕುವುದಕ್ಕೆ ಹಣ ಕೇಳುವಂತಿಲ್ಲ, ಬಿಲ್ ಬಾಕಿಯಿದೆಯೆಂದು ತಡೆಯುವಂತಿಲ್ಲ. ವಕೀಲರಿಗೋ ವಿಮಾ ಕಂಪನಿಗೋ ನೇರವಾಗಿ ಕಳಿಸಿ ಎಂದು ಸಹಿ ಹಾಕಿದರೆ ಖರ್ಚಿನ ಈ ಮಿತಿ ಅನ್ವಯಿಸುವುದಿಲ್ಲವೆಂದು 2020ರಲ್ಲಿ ನ್ಯಾಯಾಲಯ ಹೇಳಿದೆ, ಪುಟಕ್ಕಿಷ್ಟು ಎಂದು ಬಿಲ್ ಬರಬಹುದು. ನೀವೇ ತರಿಸಿಕೊಂಡು ನೀವೇ ಕಳಿಸಿ. ಎಕ್ಸ್‌ರೇ, ಎಂಆರ್‌ಐ ಚಿತ್ರಗಳನ್ನು ಪ್ರತ್ಯೇಕವಾಗಿ ಸಿಡಿಯಲ್ಲಿ ಕೇಳಿ. ಪೋರ್ಟಲ್‌ನಲ್ಲಿ ಹೆಚ್ಚಾಗಿ ಸಿಗುವುದು ವರದಿ ಮಾತ್ರ.

ಮೊದಲ ಭೇಟಿಯಲ್ಲಿ ಗೋಪ್ಯತೆಯ ಹಾಳೆಗೆ ಹಾಕಿಸಿಕೊಳ್ಳುವ ಸಹಿ ಒಪ್ಪಿಗೆಯಲ್ಲ, ಆ ಹಾಳೆ ಕೈಸೇರಿದೆ ಎಂಬುದಕ್ಕೆ ಸಾಕ್ಷಿ ಅಷ್ಟೇ. ಚಿಕಿತ್ಸೆ, ಹಣ ಪಾವತಿ, ಆಸ್ಪತ್ರೆಯ ಆಡಳಿತ ಇವುಗಳಿಗೆ ನಿಮ್ಮ ಮಾಹಿತಿ ಬಳಸಲು ಅನುಮತಿ ಬೇಕಿಲ್ಲ. ಹೆಸರು, ವಿಳಾಸ ಮೊದಲಾದ 18 ಬಗೆಯ ಗುರುತುಗಳನ್ನು ಅಳಿಸಿದ ಮೇಲೆ ಉಳಿದದ್ದನ್ನು ಮಾರಲೂಬಹುದು. ಅಳಿಸಿದ್ದು ಸಾಕಾಗುತ್ತದೆಯೇ ಎಂಬ ಪ್ರಶ್ನೆ ಹಳೆಯದು. ಲಟಾನ್ಯಾ ಸ್ವೀನಿ ಎಂಬ ಸಂಶೋಧಕಿ 1990ರ ದಶಕದಲ್ಲೇ ಹೆಸರಿಲ್ಲದ ಆಸ್ಪತ್ರೆ ಮಾಹಿತಿಯನ್ನು ಮತದಾರರ ಪಟ್ಟಿಯೊಂದಿಗೆ ಹೋಲಿಸಿ ಮ್ಯಾಸಚೂಸೆಟ್ಸ್ ಗವರ್ನರ್ ವಿಲಿಯಂ ವೆಲ್ಡ್ ಅವರ ದಾಖಲೆಯನ್ನು ಗುರುತಿಸಿದ್ದರು. ಇನ್ನು, ಓಟ, ನಿದ್ದೆ, ಮುಟ್ಟು ಲೆಕ್ಕ ಇಡುವ ಮೊಬೈಲ್ ಆ್ಯಪ್‌ಗಳಲ್ಲಿ ಹೆಚ್ಚಿನವು ಹಿಪಾ ವ್ಯಾಪ್ತಿಗೆ ಬರುವುದೇ ಇಲ್ಲ. ಅಲ್ಲಿ ಏನನ್ನಾದರೂ ತುಂಬುವ ಮುನ್ನ ಎರಡು ಸಲ ಯೋಚಿಸಿ.

ಕಾಲೇಜಿಗೆ ಹೋಗುವ ಮಕ್ಕಳಿರುವವರು ಗಮನಿಸಿ: ಮಗನೋ ಮಗಳೋ 18 ತುಂಬಿದ ದಿನದಿಂದ ಬಹುತೇಕ ರಾಜ್ಯಗಳಲ್ಲಿ ವಯಸ್ಕರು. ವಿಮೆಯ ಕಂತು ನೀವೇ ಕಟ್ಟುತ್ತಿದ್ದರೂ ಅವರ ದಾಖಲೆ ನೋಡುವ ಹಕ್ಕು ನಿಮಗಿರುವುದಿಲ್ಲ, ದೂರದ ಊರಿನ ಆಸ್ಪತ್ರೆಗೆ ಫೋನ್ ಮಾಡಿದರೆ ಏನನ್ನೂ ಹೇಳದಿರಬಹುದು. ಹಾಸ್ಟೆಲಿಗೆ ಸಾಮಾನು ಕಟ್ಟುವ ಮೊದಲು ಅವರಿಂದ ಹಿಪಾ ಅನುಮತಿ ಪತ್ರಕ್ಕೆ ಸಹಿ ಹಾಕಿಸಿ ಒಂದು ಪ್ರತಿ ಇಟ್ಟುಕೊಳ್ಳಿ. ಅದರಲ್ಲಿಯೂ ಅವರ ಹೆಸರು ವಿಮಾ ಕಾರ್ಡಿನಲ್ಲಿರುವಂತೆಯೇ ಇರಲಿ.