ಬೋರ್ಡಿನ ವಯಸ್ಸು: ಮನೆ ರೇಟು ಹಿಡಿಯಲು ನಾನು ಮಾಡಿಕೊಂಡ ಲೆಕ್ಕ

ಹೋದ ತಿಂಗಳು ನಮ್ಮ ಮನೆ, ಸೈಟು ಲೈನಿನ ಹಿರಿಯ ಏಜೆಂಟರೊಬ್ಬರು ಅಂಗಡಿಗೆ ಬಂದು, ಇಪ್ಪತ್ತು ಲೀಟರಿನ ಪೇಂಟ್ ಬಕೆಟ್ ಮೇಲೆ ಕೂತು, "ಸ್ವಾಮಿ, ಆ ನಿಮ್ಮ ಪುಸ್ತಕ ಒಂದೆರಡು ದಿನ ಕೊಡ್ತೀರಾ?" ಅಂದರು. ಮಾರಾಟಕ್ಕಿರೋ ಮನೆಗಳ ಗೇಟಿಗೆ ಹಾಕೋ ಬೋರ್ಡುಗಳ ಲೆಕ್ಕ ಬರೆಯೋ ಆ ಪುಸ್ತಕ ನಾನು ಶುರುಮಾಡಿದಾಗ "ಬೋರ್ಡು ಎಣಿಸೋಕೆ ಹೋಗ್ತೀರಲ್ಲ, ಅದರ ಬದಲು ರಿಂಗ್ ರೋಡಲ್ಲಿ ನಿಂತು ಲಾರಿ ಎಣಿಸಿ" ಅಂದಿದ್ದವರೂ ಇವರೇ. ಪುಸ್ತಕ ಕೊಡಲಿಲ್ಲ, ಕಾಫಿ ಕೊಟ್ಟೆ. ಅವರು ಹೋದಮೇಲೆ, ಇಷ್ಟು ದಿನ ಗೇಲಿ ಮಾಡಿದವರೆಲ್ಲ ಓದಲಿ ಅಂತ ಬರೆಯೋಕೆ ಕೂತೆ.

ಮೈಸೂರಿನಲ್ಲಿ ಪೇಂಟ್ ಅಂಗಡಿ ಇಟ್ಟು ಇಪ್ಪತ್ತು ವರ್ಷ ದಾಟಿತು. ಜೊತೆಗೆ ಮನೆ, ಸೈಟು ವ್ಯವಹಾರ. ಎರಡೂ ಕಡೆಯಿಂದ ಒಂದೊಂದು ಪರ್ಸೆಂಟ್ ಕಮಿಷನ್, ಅದೂ ಕೊಟ್ಟರೆ. ಇಸಿ ಅಂದರೆ ಒಂದು ಆಸ್ತಿಯ ಮೇಲೆ ನೋಂದಣಿಯಾದ ಕ್ರಯ, ಸಾಲಗಳ ಪಟ್ಟಿ, ಖಾತೆ ಅಂದರೆ ಆಸ್ತಿ ಯಾರ ಹೆಸರಲ್ಲಿದೆ ಅನ್ನೋ ಪಾಲಿಕೆಯ ದಾಖಲೆ, ಗೈಡೆನ್ಸ್ ವ್ಯಾಲ್ಯೂ ಅಂದರೆ ನೋಂದಣಿಗೆ ಸರ್ಕಾರ ಕಟ್ಟಿದ ಕನಿಷ್ಠ ಬೆಲೆ. ಇದಕ್ಕಿಂತ ಹೆಚ್ಚು ವಿವರಿಸೋಕೆ ಹೋಗಲ್ಲ.

ಪುಸ್ತಕ ಶುರುವಾಗಿದ್ದು ನಷ್ಟದಿಂದ. 2016ರ ನವೆಂಬರಿನಲ್ಲಿ ನೋಟು ರದ್ದಾದ ಮೇಲೆ ಮೂರು ತಿಂಗಳು ನನ್ನ ಫೋನೇ ಹೊಡೆದುಕೊಳ್ಳಲಿಲ್ಲ. ಆದರೆ ಯಾರನ್ನು ಕೇಳಿದರೂ ರೇಟು ಹಳೇದೇ. "ನೋಡಿದ್ಯಾ, ಏನೂ ಇಳೀಲಿಲ್ಲ, ಗಟ್ಟಿಯಾಗಿದೆ ಮಾರ್ಕೆಟ್ಟು" ಅಂತ ನನಗೆ ನಾನೇ ಹೇಳಿಕೊಂಡು, 2017ರಲ್ಲಿ ರಿಂಗ್ ರೋಡಿನ ಆಚೆ 30-40 ಅಡಿಯ ಒಂದು ಸೈಟು ಹಿಡಿದೆ. ಸುಮಾರು 26 ಲಕ್ಷ, ಅರ್ಧ ಸಾಲ. ಮಾರೋಕೆ ಹೋದರೆ ಎರಡೂವರೆ ವರ್ಷ ಒಬ್ಬನೂ ಬರಲಿಲ್ಲ. ಕೊನೆಗೆ 24ಕ್ಕೆ ಕೊಟ್ಟೆ. ಸ್ಟ್ಯಾಂಪು, ಬಡ್ಡಿ ಎಲ್ಲ ಸೇರಿಸಿದರೆ ಏಳು ಲಕ್ಷದ ಹತ್ತಿರ ಹೋಯಿತು. ಹೆಂಡತಿ ಇವತ್ತಿಗೂ ಆ ರಸ್ತೆಯಲ್ಲಿ ಹೋಗುವಾಗ ಮುಖ ಆಚೆ ತಿರುಗಿಸ್ತಾಳೆ.

ಆಗ ತಲೆಗೆ ಹೋಗಿದ್ದು ಒಂದೇ ಮಾತು. ನಮ್ಮ ಜನ ರೇಟು ಇಳಿಸಲ್ಲ. ಮಾರ್ಕೆಟ್ ಬಿದ್ದರೆ ರೇಟು ಹಾಗೇ ಇರುತ್ತೆ, ಬೋರ್ಡು ಮಾತ್ರ ಗೇಟಿನ ಮೇಲೆ ಮುದಿಯಾಗುತ್ತೆ. ಹಾಗಾದರೆ ನೋಡಬೇಕಾದ್ದು ಬೋರ್ಡಿನ ವಯಸ್ಸನ್ನು.

ಕುವೆಂಪುನಗರದ ಎಂಟು ಕ್ರಾಸು, ರಾಮಕೃಷ್ಣನಗರದಲ್ಲಿ ಎರಡು ಬ್ಲಾಕು, ದಟ್ಟಗಳ್ಳಿ ಕಡೆ ಆರು ಕ್ರಾಸು. ಇಷ್ಟೇ ನನ್ನ ಸಾಮ್ರಾಜ್ಯ. ತಿಂಗಳಲ್ಲಿ ಎರಡು ಭಾನುವಾರ ಬೆಳಿಗ್ಗೆ ಸ್ಕೂಟರ್ ತಗೊಂಡು ಒಂದು ಸುತ್ತು. ಯಾವ ಮನೆಗೆ ಹೊಸ ಬೋರ್ಡು, ಯಾವುದು ಇಳಿಯಿತು, ಕೇಳೋ ರೇಟೆಷ್ಟು. ಇಳಿದಿದ್ದು ಮಾರಾಟವಾಗಿ ಇಳಿಯಿತೋ, ಬೇಜಾರಾಗಿ ಇಳಿಸಿದರೋ ಅಂತ ಫೋನ್ ಮಾಡಿ ತಿಳಕೊಳ್ಳೋದು. ಹತ್ತು ಬೋರ್ಡಿನಲ್ಲಿ ತೊಂಬತ್ತು ದಿನದೊಳಗೆ ಮಾರಾಟವಾಗಿ ಇಳಿದಿದ್ದು ಎಷ್ಟು ಅನ್ನೋದೇ ನನ್ನ ಥರ್ಮಾಮೀಟರು. ಆರು ಏಳು ಇದ್ದರೆ ಮಾರೋನು ರಾಜ. ಮೂರಕ್ಕೆ ಬಂತೋ, ಕೊಳ್ಳೋನು ಕಾಲು ಚಾಚಿ ಕೂತು ಮಾತಾಡಬಹುದು.

ಮೊದಲ ವರ್ಷ ಪೂರ್ತಿ ತಪ್ಪು ಲೆಕ್ಕ. ಏಜೆಂಟ್ ಬದಲಾದರೆ ಬೋರ್ಡೂ ಬದಲಾಗುತ್ತೆ, ನಾನು ಅದನ್ನು ಹೊಸದು ಅಂತ ಬರಕೊಳ್ತಿದ್ದೆ. ಗಾಳಿಗೆ ಹಾರಿಹೋದ ಬೋರ್ಡನ್ನು ಮಾರಾಟ ಅಂತ ಬರೆದದ್ದೂ ಇದೆ. ಬೀದಿಶೂಲದ ಮನೆ, ದಕ್ಷಿಣದ ಬಾಗಿಲು, ಅಣ್ಣತಮ್ಮಂದಿರ ಭಾಗದ ದಾವೆ ಇರೋದು, ಇವೆಲ್ಲ ಎಂಥ ಕಾಲದಲ್ಲೂ ನೇತಾಡುತ್ತವೆ. ಅವನ್ನು ಪಟ್ಟಿಯಿಂದ ತೆಗೆದಮೇಲೆ ಲೆಕ್ಕ ಸ್ವಲ್ಪ ತಿಳಿಯಾಯಿತು. ಆಷಾಢ, ಪಿತೃಪಕ್ಷ, ಧನುರ್ಮಾಸದಲ್ಲಿ ಯಾರೂ ಅಡ್ವಾನ್ಸ್ ಕೊಡಲ್ಲ. ಒಂದು ಆಷಾಢದಲ್ಲಿ ಹೆದರಿಕೊಂಡು "ಮಾರ್ಕೆಟ್ ಬಿತ್ತು" ಅಂತ ಪಾರ್ಟಿಗೆ ಹೇಳಿ, ಶ್ರಾವಣದಲ್ಲಿ ಅವರೆದುರು ತಲೆ ತಗ್ಗಿಸಿದ್ದೀನಿ. ಅದಕ್ಕೇ ತಿಂಗಳಿಗೆ ತಿಂಗಳು ಹೋಲಿಸೋದು ಬಿಟ್ಟೆ. ಈ ಶ್ರಾವಣಕ್ಕೆ ಹೋದ ಶ್ರಾವಣ.

ನಾನು ಸುತ್ತು ಹೋಗದ ರಸ್ತೆಯಲ್ಲೂ ಬೋರ್ಡಿನ ವಯಸ್ಸು ಹೇಳಬಲ್ಲೆ, ಅದು ಪೇಂಟಿನವನ ಅನುಕೂಲ. ಬಿಸಿಲಿಗೆ ಫ್ಲೆಕ್ಸಿನಲ್ಲಿ ಮೊದಲು ಸಾಯೋದು ಕೆಂಪು. 'ಮನೆ ಮಾರಾಟಕ್ಕಿದೆ' ಅನ್ನೋ ಕೆಂಪಕ್ಷರ ತಿಳಿ ಗುಲಾಬಿಗೆ ತಿರುಗಿದ್ದರೆ ಒಂದು ಬೇಸಿಗೆ ಕಂಡಿದೆ ಅಂತ ಅರ್ಥ. ಓನರ್ "ಹೋದ ವಾರ ಹಾಕಿದ್ದು ಸಾರ್" ಅಂದರೆ ನಾನು ನಕ್ಕು ಸುಮ್ಮನಾಗ್ತೀನಿ, ಆಮೇಲೆ ಆರೇಳು ಲಕ್ಷ ಕಮ್ಮಿಯಿಂದ ಮಾತು ಶುರುಮಾಡ್ತೀನಿ. ಇನ್ನೊಂದು ಲಾಭ, ಮಾರೋ ಮನೆಗೆ ಹಚ್ಚೋ ಬಣ್ಣ ಬೇರೆ. ಮುಂದಿನ ಗೋಡೆಗೆ ಮಾತ್ರ, ಒಂದೇ ಕೋಟು, ಇರೋದರಲ್ಲಿ ಅಗ್ಗದ್ದು ಕೇಳಿಕೊಂಡು ಬಂದರೆ, ಇನ್ನು ಹದಿನೈದು ದಿನದಲ್ಲಿ ಗೇಟಿಗೆ ಬೋರ್ಡು ಬರುತ್ತೆ ಅಂತ ನನಗೆ ಮೊದಲೇ ಗೊತ್ತು.

ನಿಜವಾಗಿ ಕೈಬದಲಾದ ರೇಟು ಹಿಡಿಯೋದು ಇದಕ್ಕಿಂತ ಕಷ್ಟದ ಕೆಲಸ. ವೆಬ್‌ಸೈಟಿನಲ್ಲಿ ಹಾಕಿರೋದು ಆಸೆ, ರೇಟಲ್ಲ. ಒಂದೇ ಮನೆಯನ್ನು ನಾಲ್ಕು ಜನ ನಾಲ್ಕು ರೇಟಿಗೆ ಹಾಕಿರ್ತಾರೆ. ಅವುಗಳ ಸರಾಸರಿ ತೆಗೆದು ಒಂದು ವರ್ಷ ನಾನೂ ಮೂರ್ಖನಾದೆ. ಆಮೇಲೆ ನೋಂದಣಿ ಇಲಾಖೆಯ ಕಾವೇರಿ ವೆಬ್‌ಸೈಟಿನಲ್ಲಿ ಇಸಿ ತೆಗೆಸೋಕೆ ಶುರುಮಾಡಿದೆ. ಒಂದೊಂದಕ್ಕೆ ಹೆಚ್ಚೇನಿಲ್ಲ, ಆದರೂ ಒಟ್ಟು ಎಂಟೊಂಬತ್ತು ಸಾವಿರ ಕರಗಿರಬೇಕು. ಪತ್ರದಲ್ಲಿ ಬರೆದಿರೋದು ಗೈಡೆನ್ಸ್ ವ್ಯಾಲ್ಯೂ, ಕೈಗೆ ಬಂದಿದ್ದು ಬೇರೆ, ಅದು ನಿಮಗೂ ಗೊತ್ತು. ಹಾಗಾಗಿ ಸಾಲವಿಲ್ಲದೆ ಕೈಕಾಸಿನಲ್ಲಿ ಕೊಂಡ ಪತ್ರ ನಂಬೋದು ಬಿಟ್ಟೆ. ಕ್ರಯದ ನಮೂದಿನ ಬೆನ್ನಿಗೇ, ಅದೇ ವಾರದಲ್ಲಿ, ಸಾಲಕ್ಕಾಗಿ ಬ್ಯಾಂಕಿಗೆ ಹಕ್ಕುಪತ್ರ ಠೇವಣಿ ಇಟ್ಟ ನಮೂದು ಇದ್ದರೆ ಅದನ್ನು ಮಾತ್ರ ತಗೊಳ್ತೀನಿ. 30 ಲಕ್ಷ ದಾಟಿ 75 ಲಕ್ಷದವರೆಗಿನ ಮನೆ ಸಾಲ ಆಸ್ತಿಯ ಬೆಲೆಯ ಶೇ 80 ಮೀರೋ ಹಾಗಿಲ್ಲ, ಅದರ ಮೇಲಿನ ಸಾಲಕ್ಕೆ ಶೇ 75, ಇದು ರಿಸರ್ವ್ ಬ್ಯಾಂಕಿನ ನಿಯಮ. ಅಲ್ಲಿ 60 ಲಕ್ಷ ಸಾಲ ಕಂಡರೆ ಆ ಮನೆ 75 ಲಕ್ಷಕ್ಕಿಂತ ಕಮ್ಮಿಗೆ ಹೋಗಿಲ್ಲ. ಪೂರ್ತಿ ರೇಟು ಸಿಗಲ್ಲ, ಕನಿಷ್ಠ ಎಷ್ಟು ಅನ್ನೋದು ಸಿಗುತ್ತೆ. ಅದರ ಮೇಲೆ ಎಷ್ಟು ಅನ್ನೋದನ್ನು ನಾನು ಇಬ್ಬರನ್ನು ಕೇಳಿ ತಿಳಕೊಳ್ತೀನಿ. ಆ ಇಬ್ಬರು ಯಾರು ಅಂತ ಮಾತ್ರ ಕೇಳಬೇಡಿ. ಬ್ಯಾಂಕಿನವರೂ ಅಲ್ಲ, ಏಜೆಂಟರೂ ಅಲ್ಲ.

2023ರ ಅಕ್ಟೋಬರ್ 1ರಿಂದ ಗೈಡೆನ್ಸ್ ವ್ಯಾಲ್ಯೂ ಏರಿಸಿದರಲ್ಲ, ಆಗ ನೋಡಬೇಕಿತ್ತು. ಸೆಪ್ಟೆಂಬರಿನ ಕೊನೇ ವಾರ ಸಬ್‌ರಿಜಿಸ್ಟ್ರಾರ್ ಆಫೀಸಿನಲ್ಲಿ ಕಾಲಿಡೋಕೆ ಜಾಗ ಇರಲಿಲ್ಲ. ಅಕ್ಟೋಬರಿನಿಂದ ಪತ್ರಗಳಲ್ಲಿ ಅಂಕಿ ಎಲ್ಲ ದಪ್ಪ. ನಮ್ಮ ಲೈನಿನವರು ಇಸಿ ಹಿಡಿದುಕೊಂಡು "ನೋಡಿ, ಮೂವತ್ತು ಪರ್ಸೆಂಟ್ ಏರಿದೆ" ಅಂತ ಪಾರ್ಟಿಗಳಿಗೆ ತೋರಿಸಿದ್ದೇ ತೋರಿಸಿದ್ದು. ಏರಿದ್ದು ಸರ್ಕಾರದ ಅಂಕಿ. ನನ್ನ ಬೋರ್ಡುಗಳು ಅಲ್ಲಾಡಿರಲಿಲ್ಲ.

ಇನ್ನು ಅಕ್ಕನ ಮನೆ ಕಥೆ. 2022ರ ಆರಂಭದಲ್ಲಿ ನನ್ನ ಪುಸ್ತಕ ಹತ್ತಕ್ಕೆ ಏಳು ತೋರಿಸ್ತಿತ್ತು. ಮನೆಯಿಂದಲೇ ಕೆಲಸ ಅಂತ ಬೆಂಗಳೂರಿನ ಹುಡುಗರು ಬಂದು ಕೊಳ್ತಿದ್ದರು, ಸಾಲ ಆರೂವರೆ, ಆರೂಮುಕ್ಕಾಲಕ್ಕೆ ಸಿಗ್ತಿತ್ತು. ಆ ವರ್ಷದ ಮೇ ತಿಂಗಳಿಂದ ರೆಪೋ, ಅಂದರೆ ರಿಸರ್ವ್ ಬ್ಯಾಂಕ್ ಬೇರೆ ಬ್ಯಾಂಕುಗಳಿಗೆ ಹಾಕೋ ಬಡ್ಡಿ, ಏರೋಕೆ ಶುರುವಾಗಿ, 4ರಲ್ಲಿದ್ದದ್ದು 2023ರ ಫೆಬ್ರವರಿಗೆ 6.5 ಆಯಿತು. ಇಪ್ಪತ್ತು ವರ್ಷದ 50 ಲಕ್ಷದ ಸಾಲಕ್ಕೆ 38 ಸಾವಿರದ ಹತ್ತಿರ ಇದ್ದ ಕಂತು 44 ಸಾವಿರ ದಾಟಿತು. ಇತ್ತ ಮಾರ್ಚ್ 12ಕ್ಕೆ ಬೆಂಗಳೂರು–ಮೈಸೂರು ಹೆದ್ದಾರಿ ಉದ್ಘಾಟನೆ. ಇನ್ನು ಒಂದೂವರೆ ಗಂಟೆಯಲ್ಲಿ ಬೆಂಗಳೂರು, ಮೈಸೂರಿನ ಮನೆಗೆ ಚಿನ್ನದ ರೇಟು ಅಂತ ಊರೆಲ್ಲ ಮಾತು. ಕೇಳೋ ರೇಟು ಒಂದೇ ತಿಂಗಳಲ್ಲಿ ಹತ್ತು ಹದಿನೈದು ಲಕ್ಷ ಜಿಗಿಯಿತು. ನನ್ನ ಪುಸ್ತಕದಲ್ಲಿ ಏಳು ಇದ್ದದ್ದು ನಾಲ್ಕಾಗಿ ಮೂರರ ಕಡೆ ಜಾರ್ತಿತ್ತು.

ಅಕ್ಕನದು 30-40ಯಲ್ಲಿ ಮೂವತ್ತು ವರ್ಷದ ಹಳೇ ಮನೆ. ಒಬ್ಬ ಪಾರ್ಟಿ 1 ಕೋಟಿ 9 ಲಕ್ಷಕ್ಕೆ ನಿಂತಿದ್ದ. "ಮಾಮ, ಎದುರುಮನೆಯವರು ಒಂದು ಇಪ್ಪತ್ತೈದು ಕೇಳ್ತಿದ್ದಾರೆ, ನೀವು ಕಮಿಷನ್ನಿಗೆ ಅರ್ಜೆಂಟ್ ಮಾಡ್ತಿದ್ದೀರಾ?" ಅಂದ ಅಕ್ಕನ ಮಗ. ನಾನು ಕಮಿಷನ್ನೇ ಬೇಡ ಅಂದೆ. ಅಕ್ಕ ನನ್ನ ಮುಖ ನೋಡಿ, "ನಿನ್ನ ಪುಸ್ತಕ ಏನ್ ಹೇಳುತ್ತೋ?" ಅಂದಳು. ಕೊಟ್ಟುಬಿಡು ಅಂತ ಹೇಳುತ್ತೆ ಅಂದೆ. ಏಪ್ರಿಲ್‌ನಲ್ಲಿ ರಿಜಿಸ್ಟ್ರೇಷನ್ ಆಯಿತು. ನಾಲ್ಕು ತಿಂಗಳು ಹುಡುಗ ನನ್ನ ಹತ್ತಿರ ಸರಿಯಾಗಿ ಮಾತಾಡಲಿಲ್ಲ. ಎದುರುಮನೆ ಬೋರ್ಡು ಎರಡು ಸಲ ಬದಲಾಗಿ, ಹತ್ತೊಂಬತ್ತು ತಿಂಗಳಾದಮೇಲೆ 1 ಕೋಟಿ 4 ಲಕ್ಷಕ್ಕೆ ಮುಗಿಯಿತು. ಅವತ್ತು ಫೋನ್ ಮಾಡಿದ್ದು ಅವನೇ. ಕಮಿಷನ್ ಬೇಡ ಅಂದಿದ್ದಕ್ಕೆ ನನಗೆ ಸ್ವಲ್ಪ ಹೊಟ್ಟೆ ಉರಿಯಿತು ಅನ್ನೋದೂ ನಿಜ.

ಎಲ್ಲ ಕಡೆ ಹೀಗೇ ಆಯಿತು ಅಂತ ತಿಳಿಯಬೇಡಿ. ಅದೇ ಹೊತ್ತಿಗೆ ದಟ್ಟಗಳ್ಳಿ ಕಡೆ ಖಾಲಿ ಸೈಟಿಗೆ ಹತ್ತಕ್ಕೆ ಆರು ಇತ್ತು. ಒಂದೂವರೆ ಕಿಲೋಮೀಟರ್ ಅಂತರ, ಎರಡು ಬೇರೆ ಮಾರ್ಕೆಟ್ಟು. ಮನೆ ಬೆಲೆಗೆ ನ್ಯಾಷನಲ್ ಹೌಸಿಂಗ್ ಬ್ಯಾಂಕಿನ ರೆಸಿಡೆಕ್ಸ್ ಸೂಚ್ಯಂಕ ಮೂರು ತಿಂಗಳಿಗೊಮ್ಮೆ ಬರುತ್ತಲ್ಲ, ಅದು ಊರಿಗೆ ಊರನ್ನೇ ಒಂದು ಅಂಕಿಯಲ್ಲಿ ಹೇಳುತ್ತೆ. ಊರು ಕೊಳ್ಳೋರಿಗೆ ಸರಿ, ಕ್ರಾಸಲ್ಲಿ ಮನೆ ಕೊಳ್ಳೋರಿಗೆ ಅದರಿಂದ ಏನಾಗಬೇಕು?

ನಡುವೆ ಮಾಡಿದ ಹುಚ್ಚಾಟಗಳೂ ಇವೆ. ನಂದಿನಿ ಬೂತಿನಲ್ಲಿ ದಿನಕ್ಕೆ ಎಷ್ಟು ಕ್ರೇಟ್ ಹಾಲು ಖರ್ಚು ಅಂತ ಎರಡು ತಿಂಗಳು ಬರೆದುಕೊಂಡೆ, ಜನ ಬಂದರೆ ಹಾಲು ಏರಬೇಕಲ್ಲ ಅಂತ. ಮದುವೆ ಸೀಸನ್ ಬಂದು ಲೆಕ್ಕವೆಲ್ಲ ಹಾಳು. ಅಪಾರ್ಟ್‌ಮೆಂಟುಗಳಲ್ಲಿ ರಾತ್ರಿ ಎಂಟಕ್ಕೆ ದೀಪ ಉರಿಯೋ ಫ್ಲಾಟ್ ಎಣಿಸಿದ್ದು ಮಾತ್ರ ಉಪಯೋಗಕ್ಕೆ ಬಂತು. 'ಎಲ್ಲ ಸೋಲ್ಡ್ ಔಟ್' ಅಂದ ಒಂದು ಕಟ್ಟಡದಲ್ಲಿ ನಲವತ್ತಕ್ಕೆ ಹನ್ನೊಂದು ದೀಪ ಕಂಡು, ಕೊಳ್ಳೋಕೆ ಹೊರಟಿದ್ದ ಒಬ್ಬರನ್ನು ನಿಲ್ಲಿಸಿದೆ. ಸೆಕ್ಯೂರಿಟಿಯವನು ನನ್ನನ್ನು ಕಳ್ಳ ಅಂದುಕೊಂಡು ಸ್ಕೂಟರ್ ನಂಬರ್ ಬರಕೊಂಡ. ಇಸ್ತ್ರಿ ಅಂಗಡಿಯವನಿಗೆ ಯಾರು ಬಂದರು, ಯಾರು ಖಾಲಿಮಾಡಿದರು ಎಲ್ಲ ಗೊತ್ತು, ಆದರೆ ಅವನ ಹತ್ತಿರ ಕೂತರೆ ಅರ್ಧ ದಿನ ಹೋಗುತ್ತೆ.

ಬಾಡಿಗೆಯನ್ನೂ ಒಂದು ಕಣ್ಣಲ್ಲಿ ನೋಡಿ. ನನ್ನ ಕ್ರಾಸುಗಳಲ್ಲಿ ಕೋಟಿ ಬೆಲೆಯ ಮನೆಗೆ 22, 24 ಸಾವಿರ ಬಾಡಿಗೆ ಬಂದರೆ ಹೆಚ್ಚು, ವರ್ಷಕ್ಕೆ ಮೂರು ಪರ್ಸೆಂಟೂ ಇಲ್ಲ. ರೇಟು ಏರಿ ಟು-ಲೆಟ್ ಬೋರ್ಡೂ ಹೆಚ್ಚಾಗ್ತಿದ್ದರೆ ಆ ಏರಿಕೆ ಉಳಿಯಲ್ಲ ಅನ್ನೋದು ನನ್ನ ಅನುಭವ.

ಪುಸ್ತಕವೂ ಮೋಸ ಮಾಡಿದೆ. 2024ರ ಕೊನೆಯಲ್ಲಿ ರಿಜಿಸ್ಟ್ರೇಷನ್ನಿಗೆ ಇ-ಖಾತೆ, ಅಂದರೆ ಡಿಜಿಟಲ್ ಖಾತೆ, ಕಡ್ಡಾಯವಾದಾಗ ಬೋರ್ಡುಗಳೆಲ್ಲ ನಿಂತಲ್ಲೇ ನಿಂತವು. ಹತ್ತಕ್ಕೆ ಎರಡು. ಮಾರ್ಕೆಟ್ ಮಲಗಿತು ಅಂತ ಒಬ್ಬ ಮೇಷ್ಟ್ರಿಗೆ "ಸಾರ್, ಕಾಯಿರಿ, ಇನ್ನೂ ಇಳಿಯುತ್ತೆ" ಅಂದೆ. ನಿಂತಿದ್ದು ಕಾಗದ, ಗಿರಾಕಿ ಅಲ್ಲ. ಅಡ್ವಾನ್ಸ್ ಕೊಟ್ಟು ಖಾತೆಗೆ ಕಾಯ್ತಿದ್ದವರ ಮನೆ ಮೇಲೂ ಬೋರ್ಡು ಇತ್ತು. ಖಾತೆ ಬಂದ ಕೂಡಲೇ ಆರು ವಾರದಲ್ಲಿ ಮೇಷ್ಟ್ರು ನೋಡಿದ್ದ ಮೂರೂ ಮನೆ ಹೋದವು. ಅದೇ ಸೈಜಿನದಕ್ಕೆ ಆರು ಲಕ್ಷ ಹೆಚ್ಚು ಕೊಟ್ಟರು. ಅದು ಸಾಲದು ಅಂತ 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ 1 ಇದ್ದದ್ದು 2 ಆಯಿತು, ಅವರದು ಸೆಪ್ಟೆಂಬರಿನಲ್ಲಿ. ಮೇಷ್ಟ್ರು ಒಳ್ಳೆಯವರು, ಈಗಲೂ ಪೇಂಟ್ ನನ್ನ ಹತ್ತಿರವೇ ತಗೊಳ್ತಾರೆ. ಆದರೆ ರೇಟಿನ ವಿಚಾರ ಎತ್ತಲ್ಲ. ಆಗಿನಿಂದ ಪುಸ್ತಕದಲ್ಲಿ 'ಅಡ್ವಾನ್ಸ್ ಆಗಿದೆಯಾ' ಅಂತ ಇನ್ನೊಂದು ಕಾಲಂ ಹಾಕಿದ್ದೀನಿ.

ಕಾಫಿ ಕುಡಿದು ಹೋದ ಆ ಏಜೆಂಟರ ವಿಷಯ. ಕಳೆದ ಭಾನುವಾರ ಸುತ್ತು ಹೊರಟರೆ ಅವರ ನಂಬರಿನ ಬೋರ್ಡುಗಳೆಲ್ಲ ನೀಲಿ ಅಕ್ಷರಕ್ಕೆ ತಿರುಗಿವೆ. ಕೆಂಪಿನ ಗುಟ್ಟು ನಮ್ಮ ಅಂಗಡಿ ಹುಡುಗನೇ ಹೇಳಿರಬೇಕು. ನೀಲಿ ಬೋರ್ಡಿನ ವಯಸ್ಸು ನೋಡೋಕೂ ಒಂದು ಗುರುತಿದೆ, ಅದನ್ನು ಹುಡುಗನಿಗೂ ಹೇಳಿಲ್ಲ.