ಹಳೇ ಕಥೆ, ಹೊಸ ರೂಪ: ನಡುವೆ ಕೈ ಹಾಕಿ ಎಳೆ ಹುಡುಕುವುದು

ಬರೆಯಲು ಏನೂ ಹೊಳೆಯದಿದ್ದಾಗ ನಾನು ಒಂದು ಜನಪದ ಕಥೆಯನ್ನೂ ಅದರಿಂದ ಹುಟ್ಟಿದ ನಾಟಕವನ್ನೋ ಸಿನಿಮಾವನ್ನೋ ಜೋಡಿಯಾಗಿ ಎತ್ತಿಕೊಳ್ಳುತ್ತೇನೆ. ನನಗೆ ಜಾಸ್ತಿ ಒದಗಿದ್ದು ಗಿರೀಶ ಕಾರ್ನಾಡರ 1988ರ ನಾಟಕ ‘ನಾಗಮಂಡಲ’ ಮತ್ತು ಅದರ ಮೂಲ ಕಥೆಗಳ ಜೋಡಿ. ಜನಪದ ಕಥೆಗಳನ್ನು ಸಂಗ್ರಹಿಸಿದ ಕವಿ ಎ.ಕೆ. ರಾಮಾನುಜನ್ ಅವರಿಂದ ಕಾರ್ನಾಡರು ಕೇಳಿದ ಎರಡು ಕಥೆಗಳು ಅದರ ಬುಡದಲ್ಲಿವೆ.

ಮೊದಲು ಹಳೇ ಕಥೆ ಓದಿ, ಪುಸ್ತಕ ಮುಚ್ಚಿ, ಯಾರಿಗಾದರೂ ಬಾಯಲ್ಲಿ ಹೇಳಿ. ಗಂಡ ಇಟ್ಟುಕೊಂಡವಳ ಮನೆಯಲ್ಲೇ ಇರುತ್ತಾನೆ. ಮುದುಕಿಯೊಬ್ಬಳು ಹೆಂಡತಿಗೆ ಮದ್ದು ಕೊಡುತ್ತಾಳೆ. ಇವಳು ಹೆದರಿ ಹೊರಗೆ ಸುರಿದರೆ ಹಾವು ಕುಡಿಯುತ್ತದೆ. ಗಂಡನ ರೂಪದಲ್ಲಿ ರಾತ್ರಿ ಬರುತ್ತದೆ. ಅವಳು ಬಸುರಿಯಾಗುತ್ತಾಳೆ, ಗಂಡ ಸಿಡಿಯುತ್ತಾನೆ, ಅವಳು ಹಾವು ಹಿಡಿದು ಆಣೆ ಮಾಡಿ ಗೆಲ್ಲುತ್ತಾಳೆ. ಹೇಳುವಾಗ ನಾಲಿಗೆ ಎಲ್ಲಿ ತಡವರಿಸಿತೋ ಅಲ್ಲಿ ಗುರುತು ಹಾಕಿಕೊಳ್ಳಿ. ನನ್ನದು ತಡವರಿಸಿದ್ದು ರಾತ್ರಿಯ ಭಾಗದಲ್ಲಿ. ಅಲ್ಲ, ಅವಳಿಗೆ ಗೊತ್ತೇ ಆಗಲಿಲ್ವಾ?

ಆಮೇಲೆ ನಾಟಕ ಓದಿ. ಏನೇನು ಬದಲಾಗಿದೆ ಅಂತ ಪಟ್ಟಿ ಮಾಡುವುದು ಪರೀಕ್ಷೆಗೆ ಸರಿ, ಕಥೆ ಬರೆಯುವವರಿಗೆ ಸುಮ್ನೆ ಕೆಲಸ. ನಿಮ್ಮ ಗುರುತಿನ ಜಾಗಕ್ಕೆ ನೇರ ಹೋಗಿ. ನಾಟಕದಲ್ಲಿ ಹೆಂಡತಿಯ ಹೆಸರು ರಾಣಿ, ಗಂಡ ಅಪ್ಪಣ್ಣ. ರಾಣಿಗೆ ಅನುಮಾನ ಬರುತ್ತದೆ. ಮಧ್ಯಾಹ್ನ ಉಂಡು, ಹೊರಗಿನಿಂದ ಬೀಗ ಜಡಿದು ಹೋಗುವ ಅಪ್ಪಣ್ಣನೇ ರಾತ್ರಿ ಇಷ್ಟು ಮೆತ್ತಗೆ ಮಾತಾಡುತ್ತಾನಾ? ಆಗ ಗಂಡನ ರೂಪದಲ್ಲಿ ಬಂದ ನಾಗ ಏನು ಮಾಡುತ್ತಾನೆ? ಪ್ರಶ್ನೆ ಕೇಳಬೇಡ ಅನ್ನುತ್ತಾನೆ. ನಾನು ತಡವರಿಸಿದ ಜಾಗದಲ್ಲೇ ಕಾರ್ನಾಡರು ದೃಶ್ಯ ಕಟ್ಟಿದ್ದಾರೆ. ಬಾಯಿ ಮುಚ್ಚಿಸುವುದೇ ಅಲ್ಲಿ ಮಾತು.

ಇನ್ನು ಎರಡನೇ ಕಥೆ. ಕಥೆಯೂ ಹಾಡೂ ಗೊತ್ತಿದ್ದ ಹೆಂಗಸೊಬ್ಬಳು ಯಾರಿಗೂ ಹೇಳುವುದಿಲ್ಲ. ಅವು ತಪ್ಪಿಸಿಕೊಂಡು ಹೊರಬಂದು, ಕಥೆ ಜೋಡಾಗಿ ಬಾಗಿಲಲ್ಲಿ ಕೂರುತ್ತದೆ, ಹಾಡು ಕೋಟಾಗಿ ಗೂಟಕ್ಕೆ ನೇತುಬೀಳುತ್ತದೆ. ಇದ್ಯಾರದ್ದು ಅಂತ ಗಂಡ ಜಗಳ ತೆಗೆದು ಗುಡಿಗೆ ಹೋಗಿ ಮಲಗುತ್ತಾನೆ. ಊರಿನ ದೀಪಗಳೆಲ್ಲ ಅಲ್ಲಿ ಸೇರಿ ಹರಟುವಾಗ ಅವನಿಗೆ ನಿಜ ತಿಳಿಯುತ್ತದೆ. ನಾಟಕದಲ್ಲಿ ಆ ದೀಪಗಳೇ ಹಾವಿನ ಕಥೆಗೆ ಕೇಳುಗರು. ಹಾವು ಸಾಯುವ ಮುಕ್ತಾಯ ಒಪ್ಪದೆ ಅವು ತಕರಾರು ಮಾಡುತ್ತವೆ, ಇನ್ನೊಂದು ಮುಕ್ತಾಯ ಬರುತ್ತದೆ, ಹಾವು ರಾಣಿಯ ಕೂದಲಲ್ಲೇ ಉಳಿಯುತ್ತದೆ. ನೀವೂ ಸಂಬಂಧವೇ ಇಲ್ಲದ ಎರಡು ಕಥೆ ತೆಗೆದುಕೊಂಡು ಒಂದರ ಪಾತ್ರಗಳಿಗೆ ಇನ್ನೊಂದನ್ನು ಕೇಳಿಸಿ ನೋಡಿ. ಈ ಒಂದು ಉಪಾಯ ನನಗೆ ಉಳಿದೆಲ್ಲಕ್ಕಿಂತ ಇಷ್ಟ.

ಕದಿಯುವ ವಿಷಯದಲ್ಲಿ ಒಂದು ಎಚ್ಚರ. ಹಾವು, ಮದ್ದು, ಆಣೆ, ಹರಟುವ ದೀಪ ಎಲ್ಲರ ಸ್ವತ್ತು. ಮದ್ದು ಕೊಡುವ ಕುರುಡವ್ವ, ಅವಳನ್ನು ಹೊತ್ತು ತಿರುಗುವ ಮಗ ಕಪ್ಪಣ್ಣ ನಾಟಕದವರು, ಅವರನ್ನು ಅಲ್ಲೇ ಬಿಡಿ.

ಕೊನೆಗೆ, ಎರಡು ಕಡೆಯೂ ಯಾರನ್ನು ಮಾತಾಡಿಸಿಲ್ಲ ಅಂತ ನೋಡಿ. ನನ್ನ ಲೆಕ್ಕದಲ್ಲಿ ಆ ಇಟ್ಟುಕೊಂಡವಳು. ನಾಟಕದಲ್ಲಿ ಅವಳಿಗೊಂದು ಹೆಸರೂ ಇಲ್ಲ, ಕೊನೆಗೆ ರಾಣಿಯ ಮನೆ ಆಳಾಗುತ್ತಾಳೆ. ಆ ಮನೆಯಲ್ಲಿ ಅವಳ ಮೊದಲ ಬೆಳಗ್ಗೆ ಹೇಗಿತ್ತು? ಅಪ್ಪಣ್ಣ ಉಂಡ ತಟ್ಟೆ ಎತ್ತಿದವರು ಯಾರು? ಅಲ್ಲಿಂದ ಶುರು ಮಾಡಿ. ಹೆಸರು ಕೊಡಿ, ಊರು ಬದಲಿಸಿ. ಒಂದು ಪುಟ ತುಂಬುವವರೆಗೂ ಹಾವನ್ನು ಮಾತ್ರ ಒಳಗೆ ಬಿಡಬೇಡಿ.